ಅಚ್ಚಿನ ಪುಟದಲ್ಲೇ ಪ್ರೋಗ್ರಾಮ್

ಮನೆಗೆ ಕಂಪ್ಯೂಟರ್ ಬಂದದ್ದು ಅಂಗಡಿಯಿಂದಲ್ಲ, ಪತ್ರಿಕೆಯ ಪುಟದಿಂದ. 1975ರ ಜನವರಿಯ 'ಪಾಪ್ಯುಲರ್ ಎಲೆಕ್ಟ್ರಾನಿಕ್ಸ್' ಮುಖಪುಟದಲ್ಲಿ ಆಲ್ಟೇರ್ 8800 ಕಾಣಿಸಿತು. ಕಿಟ್‌ನ ಬೆಲೆ 397 ಡಾಲರ್, ಮೆಮರಿ ಬರೀ 256 ಬೈಟ್. ಕೀಬೋರ್ಡೂ ಇಲ್ಲ, ಪರದೆಯೂ ಇಲ್ಲ; ಸ್ವಿಚ್ ಒತ್ತಿ ಒತ್ತಿ ಒಂದೊಂದೇ ಬೈಟ್ ತುಂಬಬೇಕು. ಅಷ್ಟಕ್ಕೇ ಹವ್ಯಾಸಿಗಳು ಮುಗಿಬಿದ್ದರು. ಅದೇ ವರ್ಷ 'ಬೈಟ್' ಪತ್ರಿಕೆ ಹುಟ್ಟಿತು. ಮರುವರ್ಷ ಬಂದ 'ಡಾಕ್ಟರ್ ಡಾಬ್ಸ್ ಜರ್ನಲ್' ಟೈನಿ ಬೇಸಿಕ್ ಎಂಬ ಪುಟ್ಟ ಭಾಷೆಯನ್ನೇ ಸಾಲುಸಾಲಾಗಿ ಅಚ್ಚು ಹಾಕಿ ಓದುಗರ ಕೈಗಿಟ್ಟಿತು.

ಆ ಸಾಲುಗಳನ್ನು ನೋಡಿಕೊಂಡು ಕೈಯಾರೆ ಟೈಪ್ ಮಾಡುವುದಿದೆಯಲ್ಲ, ನನ್ನ ಪಾಲಿಗೆ ಅದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ. ಕಷ್ಟವೆಲ್ಲ ಡೇಟಾ ಸಾಲುಗಳದ್ದು: ಪುಟದ ತುಂಬ ಅಂಕಿ, ನಡುನಡುವೆ ಅಲ್ಪವಿರಾಮ. ಒಂದು ತಪ್ಪಿದರೂ ಯಂತ್ರ ಕಲ್ಲಿನಂತೆ ಕೂತುಬಿಡುತ್ತದೆ. ಇದಕ್ಕೆಂದೇ 'ಕಂಪ್ಯೂಟ್!' ಪತ್ರಿಕಾ ಬಳಗ 1983ರಲ್ಲಿ ಆಟೊಮ್ಯಾಟಿಕ್ ಪ್ರೂಫ್‌ರೀಡರ್ ಕೊಟ್ಟಿತು. ಸಾಲು ಮುಗಿಸಿದ ಕೂಡಲೇ ಪರದೆಯ ಮೇಲೊಂದು ಸಂಖ್ಯೆ. ಪತ್ರಿಕೆಯಲ್ಲಿ ಆ ಸಾಲಿನ ಕೊನೆಗೆ ಅಚ್ಚಾದ ಸಂಖ್ಯೆಯೂ ಅದೇ ಆಗಿದ್ದರೆ ಮುಂದೆ ಹೋಗಬಹುದು. ಆದರೆ ಮೊದಲ ಆವೃತ್ತಿ ಬರೀ ಕೂಡುತ್ತಿತ್ತು. 53ರ ಜಾಗಕ್ಕೆ 35 ಬಿದ್ದರೂ ಮೊತ್ತ ಅಷ್ಟೇ ತಾನೆ? ಕೊನೆಗೆ ಕಣ್ಣೇ ಗತಿ. ಹಾಗೆ ಬೆರಳಿಟ್ಟು ಹುಡುಕುವಾಗಲೇ ಪ್ರೋಗ್ರಾಮಿನ ಒಳಗುಟ್ಟು ತಿಳಿಯುತ್ತಿತ್ತು.

ಇನ್ನೊಂದು ಶತ್ರು ಕರೆಂಟು. ಕ್ಯಾಸೆಟ್ಟಿಗೆ ಉಳಿಸುವ ಮುನ್ನ ಅದು ಹೋಯಿತೆಂದರೆ ಸಂಜೆಯ ಕೆಲಸವೆಲ್ಲ ಮಾಯ. 1902ರಲ್ಲೇ ಕಾವೇರಿಯ ನೀರಿನಿಂದ ವಿದ್ಯುತ್ ತೆಗೆದು 147 ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಹರಿಸಿದ ಊರು ಮಳವಳ್ಳಿ ತಾಲ್ಲೂಕಿನ ನಮ್ಮ ಬ್ಲಫ್. ಕರೆಂಟಿನ ಬೆಲೆ ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ.

1984ರಲ್ಲಿ ಕೇಂದ್ರ ಸರ್ಕಾರದ 'ಕ್ಲಾಸ್' ಯೋಜನೆ ದೇಶದ ಆಯ್ದ ಶಾಲೆಗಳಿಗೆ ಬಿಬಿಸಿ ಮೈಕ್ರೊ ಕಂಪ್ಯೂಟರ್ ತಂದಿತು. ಬೇಸಿಕ್ ಇತ್ತು, ಆದರೆ ಇಂಗ್ಲಿಷಿನಲ್ಲಿ. ಕನ್ನಡದ ಮಗು ತನ್ನ ನುಡಿಯಲ್ಲೇ ಆಜ್ಞೆ ಕೊಡುವಂತಾದದ್ದು ಯು.ಬಿ. ಪವನಜ ಅವರು ಕನ್ನಡಕ್ಕೆ ತಂದ, ಮಕ್ಕಳ ಪ್ರೋಗ್ರಾಮಿಂಗ್ ಭಾಷೆಯಾದ ಲೋಗೊದಿಂದ. ಇದು ದೊಡ್ಡ ಕೆಲಸ. ಸಲ್ಲಬೇಕಾದಷ್ಟು ಗೌರವ ಇನ್ನೂ ಸಂದಿಲ್ಲವೆಂದೇ ನನ್ನ ಅನಿಸಿಕೆ.

ನಮ್ಮ ಮಕ್ಕಳ ಪತ್ರಿಕೆಗಳು ತಿಂಗಳಿಗೊಂದು ಪುಟವನ್ನು ಇಂಥ ಅಚ್ಚಿನ ಪ್ರೋಗ್ರಾಮಿಗೆ ಬಿಟ್ಟುಕೊಡಲಿ. ಪರದೆಯ ಮೇಲೆ ಗೆರೆ ಎಳೆಯುತ್ತ ಸಾಗುವ ಲೋಗೊದ ಆಮೆ ಚೌಕ ಬರೆಯುವ ನಾಲ್ಕೈದು ಸಾಲು ಸಾಕು. ಪಕ್ಕದಲ್ಲೊಂದು ಪ್ರಶ್ನೆ: 90 ಡಿಗ್ರಿಯ ಬದಲು 120 ಕೊಟ್ಟರೆ ಯಾವ ಆಕೃತಿ ಬರುತ್ತದೆ? ಉತ್ತರ ಮುಂದಿನ ಸಂಚಿಕೆಯಲ್ಲಿ. ಮಳವಳ್ಳಿಯ ಶಾಲೆಯ ಹುಡುಗಿಯೊಬ್ಬಳು ಅಲ್ಲಿಯವರೆಗೆ ಕಾಯದೆ ತಾನೇ ಮಾಡಿ ನೋಡುತ್ತಾಳೆ.