ಸಮವಸ್ತ್ರ ಮತ್ತು ಪಾತ್ರ: ಜೇಮ್ಸ್ ಸ್ಟುವರ್ಟ್ ಅಭಿನಯದಲ್ಲಿ ಯುದ್ಧ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಸೇನೆ ಸೇರಿದ ಹಾಲಿವುಡ್ ನಟರನ್ನು ಕುರಿತ ಬರೆಹಗಳು ಬಹುಮಟ್ಟಿಗೆ ಪದಕಗಳ ಪಟ್ಟಿಯಲ್ಲಿಯೇ ಮುಗಿದುಹೋಗುತ್ತವೆ. ಆ ಸೇವೆ ನಟನ ಕಲೆಗೆ ಏನನ್ನು ಕೊಟ್ಟಿತು ಎಂಬ ಪ್ರಶ್ನೆ ಎದ್ದಾಗಲೂ ಉತ್ತರ ತೀರ ಸಲೀಸಾಗಿ ಬರುತ್ತದೆ: ಯುದ್ಧ ಕಂಡವನ ಮುಖದಲ್ಲಿ ಯುದ್ಧ ಕಾಣುತ್ತದೆ! ಈ ಉತ್ತರವನ್ನು ಒರೆಗೆ ಹಚ್ಚಲು ಜೇಮ್ಸ್ ಸ್ಟುವರ್ಟ್ ಅವರಿಗಿಂತ ತಕ್ಕ ನಿದರ್ಶನ ದೊರೆಯುವುದು ಕಷ್ಟ.

‘ದಿ ಫಿಲಡೆಲ್ಫಿಯಾ ಸ್ಟೋರಿ’ಯ ಅಭಿನಯಕ್ಕೆ 1941ರ ಫೆಬ್ರವರಿಯಲ್ಲಿ ಆಸ್ಕರ್ ಪಡೆದ ಸ್ಟುವರ್ಟ್ ಮರುತಿಂಗಳೇ ಸಾಮಾನ್ಯ ಸಿಪಾಯಿಯಾಗಿ ಸೇನೆಗೆ ಸೇರಿದರು. ಮೊದಲ ಸಲ ತೂಕ ಸಾಲದೆಂದು ತಿರಸ್ಕೃತರಾಗಿದ್ದರು. ಅಮೆರಿಕ ಆಗಿನ್ನೂ ಯುದ್ಧಕ್ಕಿಳಿದಿರಲಿಲ್ಲ. ವಾಯುಪಡೆಯ ಭರ್ತಿಗಾಗಿ ತಯಾರಾದ ‘ವಿನ್ನಿಂಗ್ ಯುವರ್ ವಿಂಗ್ಸ್’ (1942) ಕಿರುಚಿತ್ರದಲ್ಲಿ ಕಾಣಿಸಿಕೊಂಡ ಅವರು ಅಂಥ ಕೆಲಸದಲ್ಲೇ ಯುದ್ಧ ಕಳೆಯಬಹುದಿತ್ತು. ಹಾಗಾಗಲಿಲ್ಲ. 1943ರ ಕೊನೆಯಲ್ಲಿ ಇಂಗ್ಲೆಂಡಿನ ಟಿಬೆನ್‌ಹ್ಯಾಮ್ ನೆಲೆಗೆ ಬಿ-24 ಬಾಂಬರ್ ತುಕಡಿಯೊಂದರ ನಾಯಕರಾಗಿ ತೆರಳಿ, 20 ದಾಳಿಗಳಲ್ಲಿ ಹಾರಿ, 1945ರಲ್ಲಿ ಕರ್ನಲ್ ಆಗಿ ಮರಳಿದರು. ತಮ್ಮ ಸೇವೆಯನ್ನು ಚಿತ್ರಗಳ ಪ್ರಚಾರಕ್ಕೆ ಬಳಸಕೂಡದೆಂಬುದು ಅವರ ನಿಲುವಾಗಿತ್ತು.

ಮರಳಿದ ಮೇಲೆ ಅವರು ಒಪ್ಪಿದ ಮೊದಲ ಪಾತ್ರವೇ ಇಲ್ಲಿ ವಿಚಾರಾರ್ಹ. ಫ್ರಾಂಕ್ ಕಾಪ್ರಾ ನಿರ್ದೇಶನದ ‘ಇಟ್ಸ್ ಎ ವಂಡರ್‌ಫುಲ್ ಲೈಫ್’ (1946) ಚಿತ್ರದ ಜಾರ್ಜ್ ಬೇಲಿ ಯುದ್ಧಕ್ಕೆ ಹೋಗಲಾಗದವನು. ಹಿಮಗಟ್ಟಿದ ನೀರಿಗೆ ಬಿದ್ದ ತಮ್ಮನನ್ನು ಬಾಲ್ಯದಲ್ಲಿ ಉಳಿಸಿದಾಗ ಕಳೆದುಕೊಂಡ ಒಂದು ಕಿವಿಯೇ ಅದಕ್ಕೆ ಕಾರಣ. ವಿಮಾನ ಹಾರಿಸಿ ಪದಕ ಗಳಿಸುವವನು ಆ ತಮ್ಮ. ಅಣ್ಣ ಊರಿನಲ್ಲಿ ಹಳೆಯ ಕಾಗದ, ರಬ್ಬರು ಸಂಗ್ರಹಿಸುತ್ತ ಉಳಿಯುತ್ತಾನೆ. ನಿಜವಾಗಿ ಹಾರಿದ ನಟ ನೆಲದಲ್ಲುಳಿದವನ ಪಾತ್ರ ವಹಿಸಿದ್ದಾನೆ. ಕಾಪ್ರಾ ಯುದ್ಧದ ವರ್ಷಗಳನ್ನು ಲಘು ಧಾಟಿಯಲ್ಲಿ, ಕೆಲವೇ ನಿಮಿಷಗಳಲ್ಲಿ ದಾಟಿಸಿಬಿಡುತ್ತಾರೆ. ಚಿತ್ರದ ನಿಜವಾದ ಹಿಂಸೆ ಇರುವುದು ಬೇಲಿಯ ಮನೆಯ ನಡುಕೋಣೆಯಲ್ಲಿ. ಸಂಸ್ಥೆಯ ಹಣ ಕಳೆದುಹೋದ ರಾತ್ರಿ ಅವನು ಮಕ್ಕಳ ಮೇಲೆ ರೇಗಿ, ತಾನು ಕನಸು ಕಂಡ ಸೇತುವೆಯ ಮಾದರಿಯನ್ನು ಒದ್ದು ಚೆಲ್ಲುತ್ತಾನೆ. ಮರುಕ್ಷಣವೇ ನಾಚಿ ಕ್ಷಮೆ ಬೇಡುತ್ತಾನೆ. ತನ್ನವರನ್ನೇ ಹೆದರಿಸಿದ ಮನುಷ್ಯನ ಆ ನಾಚಿಕೆಯನ್ನು ಸ್ಟುವರ್ಟ್ ಕಣ್ಣಿನಲ್ಲಿ ಅಷ್ಟು, ತಡವರಿಸುವ ಕೈಗಳಲ್ಲಿ ಅದಕ್ಕಿಂತ ಹೆಚ್ಚು ತೋರಿಸುತ್ತಾರೆ.

ಇದನ್ನು ಯುದ್ಧದ ಗಾಯವೆಂದು ಓದುವ ವಿಮರ್ಶೆ ಆಕರ್ಷಕವಾದುದು, ಆದರೆ ಅರ್ಧಸತ್ಯ. ಯುದ್ಧಕ್ಕೆ ಮುಂಚಿನ ‘ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್’ (1939) ಚಿತ್ರದ ಸೆನೆಟ್ ದೃಶ್ಯದಲ್ಲಿ, ಗಂಟಲು ಕಟ್ಟಿ ಕುಸಿಯುವ ಯುವಕನಲ್ಲಿ, ಇದೇ ಹತಾಶೆ ಆಗಲೇ ಇತ್ತು. ಹೊಸದಾಗಿ ಬಂದದ್ದು ಕ್ರೌರ್ಯದ ಸಾಧ್ಯತೆ. ಸ್ಮಿತ್ ತನ್ನನ್ನು ಮಾತ್ರ ದಣಿಸಿಕೊಳ್ಳುತ್ತಾನೆ. ಬೇಲಿ ಇತರರನ್ನು ನೋಯಿಸಬಲ್ಲ. ಆಂಥೋನಿ ಮನ್ ಅವರ ‘ವಿಂಚೆಸ್ಟರ್ ’73’ (1950), ‘ದಿ ನೇಕೆಡ್ ಸ್ಪರ್’ (1953) ಚಿತ್ರಗಳಲ್ಲಿ ಈ ಎಳೆ ಇನ್ನಷ್ಟು ಬಿಗಿಯಾಗುತ್ತದೆ. ಕುಟುಂಬದ ಕಾರಣಕ್ಕೂ ಬಳಿಕ ಸ್ಟುಡಿಯೋದ ಕೋರಿಕೆಯಿಂದಲೂ ಸೇನಾಸೇವೆಯಿಂದ ಹೊರಗುಳಿದ ಜಾನ್ ವೇಯ್ನ್ ‘ಸ್ಯಾಂಡ್ಸ್ ಆಫ್ ಇವೊ ಜೀಮಾ’ದಿಂದ (1949) ಅಮೆರಿಕದ ಸೈನಿಕನ ಅಧಿಕೃತ ಮುಖವಾದದ್ದೂ ಇದೇ ಅವಧಿಯಲ್ಲಿ. ಪ್ರೇಕ್ಷಕನಿಗೆ ಬೇಕಾದ ಸೈನಿಕನನ್ನು ಒದಗಿಸಲು ಸೇವಾನುಭವ ಅಗತ್ಯವಿರಲಿಲ್ಲ. ಬಹುಶಃ ಅದು ಅಡ್ಡಿಯೂ ಆಗುತ್ತಿತ್ತೇನೋ.

ಆ ಮಹಾಯುದ್ಧದ ರಣಭೂಮಿಯಲ್ಲಿ ಸೇನಾಧಿಕಾರಿಯಾಗಿ ಸ್ಟುವರ್ಟ್ ಕಾಣಿಸಿಕೊಂಡದ್ದು ‘ದಿ ಮೌಂಟನ್ ರೋಡ್’ (1960) ಚಿತ್ರದಲ್ಲಿ. 1944ರ ಚೀನಾದಲ್ಲಿ ಹಿಮ್ಮೆಟ್ಟುತ್ತ ಸೇತುವೆ, ದಾರಿ, ದಾಸ್ತಾನುಗಳನ್ನು ಸ್ಫೋಟಿಸುವ ತುಕಡಿಯ ಮೇಜರ್ ಆತ. ನಾಯಕತ್ವವನ್ನು ಬಯಸಿ ಪಡೆದವನು. ತನ್ನವರ ಸಾವಿಗೆ ಸೇಡು ತೀರಿಸಿಕೊಳ್ಳಲು ಹಳ್ಳಿಯೊಂದನ್ನೇ ಸುಡಿಸುತ್ತಾನೆ. ತಾನು ಅಧಿಕಾರವನ್ನು ದುರುಪಯೋಗಪಡಿಸಿಕೊಂಡೆನೆಂಬುದು ಕೊನೆಗೆ ಅವನಿಗೇ ತಿಳಿಯುತ್ತದೆ. ಬಾಂಬರ್ ತುಕಡಿಯನ್ನು ಮುನ್ನಡೆಸಿದ್ದ ನಟ ಆ ಮೇಜರನ ಪರವಾಗಿ ಪ್ರೇಕ್ಷಕರ ಅನುಕಂಪವನ್ನು ಎಲ್ಲಿಯೂ ಕೇಳುವುದಿಲ್ಲ.