ಶಾಲೆಯ ಚರಿತ್ರೆ ಯಾರ ಚರಿತ್ರೆ?

ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಪ್ರೌಢಶಾಲೆಗಳು ಮಹೋತ್ಸವದ ಸಂದರ್ಭದಲ್ಲಿ ಹೊರತರುವ ಸ್ಮರಣ ಸಂಚಿಕೆಗಳ ಹಿಂದಿನ ಶ್ರದ್ಧೆ ಸ್ತುತ್ಯವಾದುದು. ಆದರೆ ಮುಖ್ಯೋಪಾಧ್ಯಾಯರ ಪಟ್ಟಿ, ದಾನಿಗಳ ಭಾವಚಿತ್ರ, ಕಟ್ಟಡದ ವರ್ಣನೆ ಇಷ್ಟಕ್ಕೇ ನಿಂತರೆ ಅದು ಚರಿತ್ರೆಯೆನಿಸದು.

ಶಾಲೆಯನ್ನು ತುಂಬಿದ್ದು ನೆರೆಯ ಹಳ್ಳಿಗಳು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಮೊದಲಾಯಿತು. ಮುಂದೆ ವಿಶ್ವೇಶ್ವರಯ್ಯ ನಾಲೆಯ ನೀರು ಪಾಂಡವಪುರದ ಸೀಮೆಗೆ ಕಬ್ಬನ್ನೂ ರೈತನ ಕೈಗೆ ಕಾಸನ್ನೂ ತಂದಿತು. ನಾಗಮಂಗಲದ ಬಹುಭಾಗ ಬಹುಕಾಲ ಮಳೆಯನ್ನೇ ನಂಬಿತ್ತು. ಈ ಅಂತರವು ಶಾಲೆಗಳ ದಾಖಲಾತಿ ಪುಸ್ತಕಗಳಲ್ಲಿ ಹೇಗೆ ಮೂಡಿತೆಂಬುದನ್ನು ಸಂಪಾದಕರು ಪರಿಶೀಲಿಸಬೇಡವೆ?

ಕವಿ ಕೆ. ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಕಿಕ್ಕೇರಿಯಲ್ಲಿ ಜನಿಸಿದರೆಂಬುದು ಕೃಷ್ಣರಾಜಪೇಟೆಯ ಹೆಮ್ಮೆ. ಅದೇ ವರ್ಷ ಮೈಸೂರು ಸರ್ಕಾರವು ಅಸ್ಪೃಶ್ಯರೆನಿಸಿದವರ ಮಕ್ಕಳಿಗೂ ಸರ್ಕಾರಿ ಶಾಲೆಗಳ ಬಾಗಿಲನ್ನು ತೆರೆಯಿತು. ಆ ಬಾಗಿಲನ್ನು ಹೊಕ್ಕು ಪ್ರೌಢಶಾಲೆಯವರೆಗೆ ಬಂದ ಮೊದಲ ಮಗು ಯಾವ ಕೇರಿಯದು? ಮೊದಲ ಹೆಣ್ಣುಮಗಳು ಯಾವ ಮನೆಯವಳು? ಶಾಲೆಯ ಚರಿತ್ರೆ ಇಲ್ಲಿಂದ ಆರಂಭವಾಗಬೇಕು.

ಉತ್ತರವು ಹಳೆಯ ದಾಖಲಾತಿ ಪುಸ್ತಕಗಳಲ್ಲಿರಬಹುದು. ಗೆದ್ದಲು ಹತ್ತುವ ಮುನ್ನ ಹಿರಿಯ ವಿದ್ಯಾರ್ಥಿಗಳು ಅವುಗಳ ಪ್ರತಿ ಮಾಡಿಡಲಿ. ಕಟ್ಟಡಕ್ಕೆ ಹಣ ಕೊಟ್ಟವರ ಹೆಸರು ಹೇಗೂ ಕಲ್ಲಿನ ಮೇಲಿರುತ್ತದೆ. ಬರಿಗಾಲಿನಲ್ಲಿ ನಡೆದು ಬಂದು ಕಲಿತವರ ಹೆಸರಿಗೆ ಆ ಪುಸ್ತಕವೊಂದೇ ಆಸರೆ.