ಸಜ್ಜೆ ಉಂಡೆಯ ಡಬ್ಬಿ ಮತ್ತು ‘ರಾಮಧಾನ್ಯ ಚರಿತೆ’

ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಜಗಳ ಹುಟ್ಟುವುದು ಒಂದು ಔತಣದಿಂದ. ಲಂಕೆಯಿಂದ ಮರಳುವ ರಾಮನಿಗೆ ಋಷಿಗಳು ಬಗೆಬಗೆಯ ಭಕ್ಷ್ಯಗಳನ್ನು ತಂದೊಪ್ಪಿಸುತ್ತಾರೆ. ರುಚಿ ನೋಡಿ ಸಂತೋಷಪಟ್ಟ ರಾಮ, ಇವುಗಳ ಮೂಲ ಧಾನ್ಯಗಳನ್ನು ನೋಡಬೇಕೆನ್ನುತ್ತಾನೆ. ಧಾನ್ಯಗಳು ಬಂದ ಮೇಲೆ ಯಾವುದು ಮೇಲು ಎಂಬ ಮಾತು ಏಳುತ್ತದೆ. ಗೌತಮ ಮುನಿ ನರೆದಲೆಗ, ಅಂದರೆ ರಾಗಿ ಎನ್ನುತ್ತಾನೆ. ವ್ರೀಹಿ, ಅಂದರೆ ಭತ್ತ, ಸಿಡಿದೇಳುತ್ತದೆ. ತರಗತಿಗಳಲ್ಲಿ ನಾವು ಇದನ್ನು ಜಾತಿಯ ರೂಪಕವಾಗಿ ಓದುತ್ತೇವೆ. ಆ ಓದು ಸರಿಯಾದದ್ದೇ. ಆದರೆ ರೂಪಕದ ಅವಸರದಲ್ಲಿ ಊಟದ ಎಲೆ ಮರೆತುಹೋಗುತ್ತದೆ.

ಔತಣ ನಡೆಯುವುದು ಮುಚುಕುಂದ ಮುನಿಯ ಆಶ್ರಮದಲ್ಲಿ. ಸಿಂಧನೂರು ತಾಲ್ಲೂಕಿನಲ್ಲಿ ಮುಕ್ಕುಂದ ಎಂಬ ಊರಿದೆ. ಹೆಸರಿನ ಸಾಮ್ಯದಿಂದ ನಾನು ಏನನ್ನೂ ಸಾಧಿಸಹೊರಟಿಲ್ಲ. ಆದರೆ ಈ ಕಾವ್ಯವನ್ನು ಓದಲು ಈ ಸೀಮೆಗಿಂತ ಒಳ್ಳೆಯ ಜಾಗ ಸಿಗಲಾರದು. ಜೋಳ, ಸಜ್ಜೆ ಬೆಳೆಯುತ್ತಿದ್ದ ಹೊಲಗಳಿಗೆ ತುಂಗಭದ್ರಾ ಎಡದಂಡೆ ಕಾಲುವೆ ಬಂದಿತು, ಭತ್ತ ಬಂದಿತು, ಅಕ್ಕಿ ಗಿರಣಿಗಳು ಎದ್ದವು. ವ್ರೀಹಿ ಇಲ್ಲಿ ನಿಜವಾಗಿಯೂ ಗೆದ್ದಿದೆ. ಆ ಗೆಲುವು ಎಷ್ಟು ತೆಳುವಾದದ್ದು ಎಂಬುದು 2024ರ ಆಗಸ್ಟ್‌ನಲ್ಲಿ ಜಲಾಶಯದ 19ನೇ ಗೇಟ್ ಕೊಚ್ಚಿಹೋದಾಗ ಗೊತ್ತಾಯಿತು. ಬರಗಾಲದಲ್ಲಿ ಜನರನ್ನು ಕಾಯುವವನು ನಾನು ಎಂದು ಕಾವ್ಯದ ನರೆದಲೆಗ ಹೇಳುವುದು ನೆನಪಾಗದೆ ಇರಲಿಲ್ಲ.

ಈಗ ಬೆಲೆ ತಿರುಗಿದೆ. ಅಕ್ಕಿ ರೇಷನ್ ಅಂಗಡಿಯಲ್ಲಿ ಪುಕ್ಕಟೆ ಸಿಗುತ್ತದೆ. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವಾದ ಮೇಲಂತೂ ಸಜ್ಜೆ, ನವಣೆ, ರಾಗಿಗಳು ಹಬ್ಬದ ಉಡುಗೊರೆಯ ಡಬ್ಬಿ ಸೇರಿವೆ: ಬಂಗಾರದ ಬಣ್ಣದ ರಟ್ಟು, ರಿಬ್ಬನ್ನು, ಒಳಗೆ ಗುಂಡಿಗೊಂದರಂತೆ ಕೂರಿಸಿದ ಉಂಡೆ. ಅಂಥದೊಂದು ಡಬ್ಬಿಯ ಬೆಲೆಗೆ ನಮ್ಮ ಕಡೆ ಒಂದು ಮನೆಯ ಪಂಚಮಿ ಉಂಡಿಗಾಗುವಷ್ಟು ಶೇಂಗಾ, ಬೆಲ್ಲ, ಎಳ್ಳು ಬಂದೀತು. ಕೊಟ್ಟ ದುಡ್ಡಿಗೆ ಇದು ತಕ್ಕದ್ದೇ?

ದುಬಾರಿ ಎಂಬ ಒಂದೇ ಕಾರಣಕ್ಕೆ ನಾನು ಇದನ್ನು ತಳ್ಳಿಹಾಕಲಾರೆ. ಹಬ್ಬವೆಂದರೆ ಕೈಮೀರಿದ ಖರ್ಚೇ. ತವರಿಗೆ ಬಂದ ಮಗಳಿಗೆ ಪಂಚಮಿ ಉಂಡಿ ಕಟ್ಟಲು ಸಾಲ ಮಾಡಿದ ಮನೆಗಳಿವೆ. ಅಂಟು, ಕೊಬ್ಬರಿ, ಬೆಲ್ಲ, ಒಣಹಣ್ಣುಗಳ ಗೋಕಾಕದ ಕರದಂಟು, ಅಮೀನಗಡದ ಕರದಂಟು ಅಗ್ಗದ ತಿನಿಸೇನಲ್ಲ. ಅದಕ್ಕೆ ದುಡ್ಡು ಕೊಡಲು ಯಾರೂ ಗೊಣಗುವುದಿಲ್ಲ, ನಾನೂ ಗೊಣಗುವುದಿಲ್ಲ. ತಕರಾರಿರುವುದು ಬೇರೆ ಕಡೆ. ಪೊಟ್ಟಣದ ಮೇಲಿನ ಪದಾರ್ಥಗಳನ್ನು ತೂಕದ ಇಳಿಕೆಯ ಕ್ರಮದಲ್ಲಿ ಬರೆಯಬೇಕೆಂಬ ನಿಯಮವಿದೆ. ನಾನು ನೋಡಿದ ಒಂದು ‘ಸಜ್ಜೆ ಉಂಡೆ’ಯ ಡಬ್ಬಿಯಲ್ಲಿ ಖರ್ಜೂರ, ಗೋಡಂಬಿ, ತುಪ್ಪದ ನಂತರ ನಾಲ್ಕನೆಯದಾಗಿ ಸಜ್ಜೆ ಕೂತಿತ್ತು. ಹೆಸರು ನರೆದಲೆಗನ ಬಳಗದ್ದು, ಠಾಕುಠೀಕು ವ್ರೀಹಿಯದು. ನೀನು ಬಡವರನ್ನು ಕಣ್ಣೆತ್ತಿ ನೋಡದವನು, ಉಳ್ಳವರ ಹಿಂದೆ ಹೋಗುವವನು ಎಂದು ನರೆದಲೆಗ ವ್ರೀಹಿಯನ್ನು ಹಂಗಿಸಿದ್ದ. ಆ ಮಾತನ್ನು ಈಗ ಈ ಡಬ್ಬಿಗೂ ಹೇಳಬಹುದು.

ಕಾವ್ಯದ ತೀರ್ಪು ರುಚಿಯಿಂದ ಬರುವುದಿಲ್ಲ ಎಂಬುದನ್ನು ಗಮನಿಸಬೇಕು. ರಾಮ ಇಬ್ಬರನ್ನೂ ಆರು ತಿಂಗಳು ಸೆರೆಯಲ್ಲಿಡುತ್ತಾನೆ. ಹೊರಬಂದಾಗ ವ್ರೀಹಿ ಕೆಟ್ಟು ಸೊರಗಿದೆ, ನರೆದಲೆಗ ಇದ್ದಂತೆಯೇ ಇದೆ. ತಾಳಿಕೆಯೇ ಅಳತೆಗೋಲು. ಔತಣದ ನಡುವೆ ಎದ್ದ ಪ್ರಶ್ನೆಗೆ ಹಗೇವಿನಿಂದ ಉತ್ತರ ಬರುತ್ತದೆ.

ಸಜ್ಜೆಯ ಹಿಟ್ಟನ್ನು ಈ ಸೆರೆಗೆ ಹಾಕಿದ್ದರೆ ಅದು ಸೋಲುತ್ತಿತ್ತು. ಅದರಲ್ಲಿ ಜಿಡ್ಡಿನ ಅಂಶ ಹೆಚ್ಚು. ಬೀಸಿದ ಕೆಲವೇ ದಿನಗಳಲ್ಲಿ ಕಹಿಯಾಗುತ್ತದೆ. ಅದಕ್ಕೇ ನಮ್ಮ ಕಡೆಯ ಮನೆಗಳಲ್ಲಿ ಬೇಕಾದಷ್ಟೇ ಬೀಸಿಸುತ್ತಾರೆ. ಆದರೆ ಅದೇ ಹಿಟ್ಟು ಸಂಕ್ರಾಂತಿ ಹೊತ್ತಿಗೆ ಎಳ್ಳು ಹಚ್ಚಿದ ತೆಳ್ಳನೆಯ ರೊಟ್ಟಿಯಾಗಿ, ಹೆಂಚಿನ ಮೇಲೆ ಬೆಂದು, ಒಣಗಿ ಕಟಕಟಿ ಆದರೆ ವಾರಗಟ್ಟಲೆ ಉಳಿಯುತ್ತದೆ. ತಾಳಿಕೆ ಇಲ್ಲಿ ಕಾಳಿನ ಗುಣವಲ್ಲ, ರೊಟ್ಟಿ ಬಡಿಯುವ ಕೈಯದು. ಎಳ್ಳು ಉದುರದಂತೆ, ಅಂಚು ಸೀಳದಂತೆ ಸಜ್ಜೆ ರೊಟ್ಟಿ ಬಡಿಯುವುದು ಜೋಳದ ರೊಟ್ಟಿಗಿಂತ ಕಷ್ಟ. ಸಜ್ಜೆಗೆ ಜಿಗಿ ಕಡಿಮೆ.

ಹಾಗಾಗಿ ನನ್ನ ಲೆಕ್ಕ ಇಷ್ಟು: ಆ ಕೈಗೆ ತಲುಪುವ ದುಡ್ಡು ಹೆಚ್ಚಾದರೂ ಸರಿ, ರಟ್ಟಿಗೆ ಹೋಗುವ ದುಡ್ಡು ಕಡಿಮೆಯಾದರೂ ದಂಡ. ಮಹಿಳಾ ಸ್ವಸಹಾಯ ಸಂಘಗಳ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ತಂದಿದ್ದಾರೆ. ಅದಕ್ಕೆ ಇನ್ನೆರಡು ರೂಪಾಯಿ ಜಾಸ್ತಿ ಹೇಳಿದರೂ ನಾನು ಚೌಕಾಸಿ ಮಾಡುವುದಿಲ್ಲ.

ಕನಕದಾಸರ ಕಾವ್ಯದ ಬಗ್ಗೆ ನನ್ನ ಅಸಮಾಧಾನವೂ ಇಲ್ಲೇ ಇದೆ. ಧಾನ್ಯಗಳಿಗೆ ಬಾಯಿ ಬಂದಿದೆ, ಋಷಿಗಳು ವಾದಿಸುತ್ತಾರೆ, ದೇವತೆಗಳು ಸಾಕ್ಷಿಗೆ ಬರುತ್ತಾರೆ. ರಾಮ ಭಕ್ಷ್ಯವನ್ನು ತಿಂದವನೇ ಕಾಳನ್ನು ತರಿಸಿ ನೋಡುತ್ತಾನೆ; ಮುಚುಕುಂದನ ಆಶ್ರಮದ ಅಡುಗೆಮನೆಯಿಂದ ಯಾರನ್ನೂ ಕರೆಸುವುದಿಲ್ಲ.